ಇಪ್ಪತ್ತೇಳು ವರ್ಷ, ಮೂರು ತಿಂಗಳು

ಬಲ್ಮಠ ಗುಡ್ಡೆಯ ಆ ಕೋಣೆಯಲ್ಲಿ ಫ್ಯಾನ್ ಹಾಕುವುದಿಲ್ಲ.
ಹಾಳೆ ಹಾರಿದರೆ, ಅನ್ನುತ್ತಾರೆ ಎಲಿಯೆಜರ ಮಾಸ್ತರರು,
ಹಾರುವುದು ಹಾಳೆಯಲ್ಲಮ್ಮಾ, ಯಾರದೋ ಅಜ್ಜಿ.

ನಾನು ಮೂವತ್ತಾರು ವರ್ಷ ಪಾಂಡೇಶ್ವರದ ಅಂಚೆ ಕಚೇರಿಯಲ್ಲಿ
ವಿಳಾಸ ಓದಿದವಳು.
ಮಳೆಗೆ ಇಳಿದ ಶಾಯಿ, ಡಾಕ್ಟರರ ಕೈಬರಹ,
ಗಲ್ಫಿನಿಂದ ಬಂದ ಅರ್ಧ ಕೊಂಕಣಿ, ಅರ್ಧ ಅಂದಾಜು,
ಯಾವುದೂ ನನ್ನನ್ನು ಸೋಲಿಸಿದ್ದಿಲ್ಲ.
ಈ ಜರ್ಮನ್ ಗೀಚು ಸೋಲಿಸಿತು. ಎಲ್ಲ ಅಕ್ಷರವೂ
ಒಂದೇ ಬೇಲಿಯ ಗೂಟ.
ಒಂದು ಹೆಸರಿಗೆ ಎರಡು ದಿನ.

ಯೋಹಾನ್ ಆಡಮ್ ಕೆಮ್ಮರ್ಲೆ.
ಹುಟ್ಟಿದ್ದು ಸಿನ್ಸಿನಾಟಿ, ೧೮೬೧ರ ಜುಲೈ.
ಅಪ್ಪ ವ್ಯೂರ್ಟೆಂಬರ್ಗ್ ಬಿಟ್ಟು ಹಡಗು ಹತ್ತಿದವ, ಪೀಪಾಯಿ ಕಟ್ಟುವವ.
ಅಮ್ಮ:
ಅಲ್ಲಿ ಗೆದ್ದಲು ಉಂಡಿದೆ.
ಕೊನೆಯ ಒಂದಕ್ಷರ ಬಿಟ್ಟಿದೆ,
ನೆಂಟರ ಮನೆಯ ಎಲೆಯಲ್ಲಿ ಒಂದು ತುತ್ತು ಬಿಟ್ಟಂತೆ.

ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಯಂತ್ರ ರಿಪೇರಿಗೆ ಬಂದನಂತೆ.
ದೊರೆಗಳ ಪಟ್ಟಿಯಲ್ಲಿ ಜರ್ಮನ್.
ಜರ್ಮನರ ಪತ್ರದಲ್ಲಿ ಅಮೇರಿಕನ್:
"ಇವನ ಮಾತಿನಲ್ಲಿ ಇಂಗ್ಲಿಷು ಬಹಳ. ಪ್ರಾರ್ಥನೆಗೆ ತಡ.
ತುಳು ಮಾತ್ರ ಬೇಗ ಕಲಿತಿದ್ದಾನೆ,
ಯಾರಿಂದ ಎಂದು ವಿಚಾರಿಸತಕ್ಕದ್ದು."

ವಿಚಾರಿಸುವುದೇನು,
ಮಣ್ಣು ಹೊರುತ್ತಿದ್ದ ಲುದ್ಯಳಿಂದ.
೧೮೮೭ರ ಮದುವೆ ದಾಖಲೆಯಲ್ಲಿ ಅವಳ ಹೆಬ್ಬೆಟ್ಟು
ಅವನ ರುಜುವಿಗಿಂತ ಸ್ಪಷ್ಟ.
ಅದೇ ವಾರ ಸಂಬಳದ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ
ಸ್ಕೇಲು ಇಟ್ಟು ಎಳೆದ ಗೆರೆ.

ಅಕ್ಟೋಬರ್ ೧೮೮೮. ಕಾರಣ: ಜ್ವರ.
ಸಮಾಧಿ ಪುಸ್ತಕ ಕನ್ನಡದಲ್ಲಿದೆ: "ಅಮೇರಿಕದ ಆದಮ."
ಮರು ಫೆಬ್ರವರಿ ಮಗುವಿನ ದೀಕ್ಷಾಸ್ನಾನ. ತಂದೆ: ಆದಮ.
ಕೆಮ್ಮರ್ಲೆ ಎಲ್ಲಿ ಇಳಿದು ಹೋದನೋ.

ಇದೆಲ್ಲ ಓದಿ ಮುಗಿಸಿ ಕನ್ನಡಕ ಒರೆಸುವಾಗ
ಮಾಸ್ತರರು ಇನ್ನೊಂದು ಹಾಳೆ ಸರಿಸಿದರು. ಹರಾಜಿನ ಪಟ್ಟಿ.
ಅಂಗಿ ಎರಡು. ಬೂಟು ಒಂದು ಜೊತೆ.
ಬಂದರಿನ ಪಕ್ರಬ್ಬನಿಗೆ ಒಣ ಎಟ್ಟಿಯ ಬಾಕಿ
ಒಂದು ರೂಪಾಯಿ ನಾಲ್ಕಾಣೆ.
ಮೌತ್ ಆರ್ಗನ್ ಒಂದು, ಎರಡು ಸ್ವರ ಹೊರಡುವುದಿಲ್ಲ,
ಕೊಂಡವರು: ವಿಧವೆ ಲುದ್ಯ, ಆರಾಣೆಗೆ.

ತನ್ನ ಗಂಡನದನ್ನೇ.

ನಮ್ಮ ಮನೆಯಲ್ಲಿ ಅಜ್ಜ ಅದನ್ನು ಊದಿಯೇ ಕೀರ್ತನೆ ಕಲಿಸಿದ್ದು.
ಅಪ್ಪ ಹಾಡುವಾಗ ಎರಡು ಕಡೆ ಹಾರುತ್ತಿದ್ದರು,
ನಾನೂ ಹಾರುತ್ತೇನೆ.
ಕ್ವಾಯರಿನ ಸುಗಂಧಿ ಟೀಚರು ಕಿವಿ ಹಿಂಡಿದ್ದು ಹಾಗಾಗಿ.

ಹೊರಡುವಾಗ ಸಂದರ್ಶಕರ ಪುಸ್ತಕ. ಹೆಸರು ಬರೆದೆ, ಊರು ಬರೆದೆ.
'ಸಂಬಂಧ' ಅನ್ನುವ ಕಾಲಮ್ಮಿಗೆ ಬಂದು ನಿಂತೆ.
ಮುತ್ತಜ್ಜ ಅನ್ನಬೇಕು.
ನನ್ನ ಮಗನಿಗೇ ಮೂವತ್ತೈದು.
ಈ ಹುಡುಗನನ್ನು ಅಜ್ಜ ಅನ್ನಲು ಬಾಯಿ ಬರಲಿಲ್ಲ.
ಹಾಗೇ ಬಿಟ್ಟೆ.
ಮಾಸ್ತರರು ನೋಡಿದರು, ಕೇಳಲಿಲ್ಲ.

ಬಂದರಿಗೆ ಹೋಗಿ ಕಾಲು ಕಿಲೋ ಒಣ ಎಟ್ಟಿ ಕೊಂಡೆ.
ಚೌಕಾಸಿ ಮಾಡಲಿಲ್ಲ. ಚಿಲ್ಲರೆಯನ್ನೂ ಕೇಳಲಿಲ್ಲ.
ಯಾಕೆ ಅಂದ ಅಂಗಡಿಯವ.
ಹಳೆ ಬಾಕಿ ಮಾರಾಯಾ, ಇಟ್ಟುಕೋ ಅಂದೆ.