ಹದಿನಾಲ್ಕನೇ ಪೆಟ್ಟಿಗಿ

ಬರ್ರಿ, ಹತ್ತರ ಬರ್ರಿ. ಮುಟ್ಟಿದ್ರ ಏನೂ ಆಗೂದಿಲ್ಲ.
ಪ್ರೊಫೆಸರ್ ಬರಾಕ ಇನ್ನೂ ಹತ್ತು ಮಿನಿಟ ಐತಿ.
ಎಲ್ಲಾರೂ ಮೊದಲ ಬುರುಡಿಗೇ ಕೈ ಹಾಕ್ತಾರ.
ನಾ ಇದನ್ನ ತಗೀತೀನಿ.

ಬೋರ್ಡಿನ ಮ್ಯಾಲೆ ತ್ರಿಕಾಸ್ಥಿ ಅಂತ ಬರೀತಾರ.
ನಮ್ಮ ಓಣ್ಯಾಗ ಟೊಂಕದ ಎಲಬು, ಅಷ್ಟ.
ಮೂರು ಮೂಲಿ.
ಒಳಮಗ್ಗಲ ಬಾಗೈತಿ, ನೀರು ಕುಡಿಯೂ ಬೊಗಸಿ ಹಂಗ.
ಹಿಂದ ಮುಟ್ಟಿ ನೋಡ್ರಿ, ಗಂಟು ಗಂಟು.
ಐದು ಮಣಿ ಕೂಡಿ ಒಂದಾಗೇತಿ.
ನಿಮಗೆಷ್ಟು, ಹದಿನೆಂಟು?
ಹಂಗಾರ ನಿಮ್ಮವು ಇನ್ನೂ ಪೂರಾ ಕೂಡಿಲ್ಲ.
ಇಪ್ಪತ್ತೈದರ ಸುಮಾರಿಗೆ ಕೂಡತಾವ,
ಹೇಳದ ಕೇಳದ, ಯಾವ ರಾತ್ರಿ ಅಂತ ಗೊತ್ತಾಗದಂಗ.

ಇದು ಹೆಣ್ಣಮಗಳದು. ಅಗಲ ನೋಡ್ರಿ, ಗಿಡ್ಡ ನೋಡ್ರಿ.
ಎಷ್ಟು ಹಡದಿದ್ದಳೋ, ಒಂದೂ ಹಡೀಲಿಲ್ಲೋ,
ರಜಿಸ್ಟರಿನ್ಯಾಗ ಬರೇ ನಂಬರ್.
ಮಗ್ಗಲಿಗೆ ಕಿವಿ ಆಕಾರದ್ದೊಂದು ಜಾಗಾ ಐತಲ್ಲ,
ಅದು ಏನೂ ಕೇಳೂದಿಲ್ಲ, ಭಾರ ಹೊರತೈತಿ.

ಮುಂದ ನಾಕು ಜೋಡಿ ತೂತು, ಹಿಂದ ನಾಕು ಜೋಡಿ.
ಎರಡು, ಮೂರು, ನಾಕು, ಬೆರಳಿಟ್ಟು ಎಣಸ್ರಿ.
ಇದರಾಗ ಹಾಯ್ದು ಹೋಗೂ ನರಕ್ಕ
ಉಚ್ಚಿ ತಡಿಯೂ ಕೆಲಸ.
ನಗಬ್ಯಾಡ್ರಿ.

ನಮ್ಮದು ನದಾಫರ ಮನಿ. ಗಾದಿ ಹೊಲಿಯೂದು.
ಅಪ್ಪನ ಬಿಲ್ಲು ಧಂಯ್ ಅಂದ್ರ
ಹಳೇ ಹುಬ್ಬಳ್ಳ್ಯಾಗ ಯಾರದೋ ಮದವಿ ಅಂತ ಅರ್ಥ.
ಎಷ್ಟು ಮಂದಿ ಟೊಂಕದ ಕೆಳಗ ಮೆತ್ತಗ ಹಾಸಿಕೊಟ್ಟೀವಿ.
ನನ್ನ ತಮ್ಮ ಮಾಬೂಲಿ ಅಮರಗೋಳದ ಎಪಿಎಂಸ್ಯಾಗ
ಅರಳಿ ಲಾರಿ ಮ್ಯಾಲಿಂದ ಬಿದ್ದ.
ಅರಳಿ ಮ್ಯಾಲೆ ಬಿದ್ದಿದ್ರ ಮಾತು ಬ್ಯಾರೆ.
ಕಾಂಕ್ರೀಟ್ ಇತ್ತು.
ನಡದ ಕೆಳಗ ಎಲ್ಲಾ ಬಂದ್.

ನಾಕನೇ ವಾರ ಚಾದರದ ಮ್ಯಾಲೆ ರೂಪಾಯಿ ಅಗಲದ ಕಲೆ.
ನೋವಿಲ್ಲಣ್ಣ, ಅಂದ.
ನೋವಿಲ್ಲದ್ದಕ್ಕ ನಾ ಅಂಜಬೇಕಿತ್ತು.
ಹುಣ್ಣು ಮಾವಿನ ವಾಟೆಯಷ್ಟಾತು, ಆಮ್ಯಾಲೆ ಅಂಗೈಯಷ್ಟು.
ಸಿಸ್ಟರ್ ಪಟ್ಟಿ ಬಿಚ್ಚಿ, ಟಾರ್ಚ್ ಹಿಡೀ ಕಾಕಾ ಅಂದ್ಲು. ಹಿಡದೆ.
ತಳದಾಗ ಬೆಳ್ಳಗ ಕಾಣಸ್ತು.

ಇಪ್ಪತ್ತೊಂಬತ್ತು ವರ್ಷ ಒಣಗಿದ್ದನ್ನ ಒರಸಿ ಇಟ್ಟಾವ ನಾನು.
ಹಸೀದು ಆವತ್ತ ನೋಡಿದೆ.
ಮೂರನೇ ಗಂಟು. ಗುರತು ಸಿಕ್ಕಿತು,
ಸಂತ್ಯಾಗ ಪರಿಚಯದವರು ಸಿಕ್ಕಂಗ.
ಟಾರ್ಚ್ ಅಳಗಾಡಿತು, ಸಿಸ್ಟರ್ ಬೈದ್ಲು.

ಆ ರಾತ್ರಿ ಅಟ್ಟದ ಮ್ಯಾಲಿನ ಬಿಲ್ಲು ಇಳಿಸಿದೆ.
ಹೊಸ ಅರಳಿ ಹೊಡದೆ, ಬೆಳಕು ಹರಿಯೂತನಕ ಹೊಲದೆ.
ಸಿಸ್ಟರ್ ಬೆರಳಲೆ ಒತ್ತಿ ನೋಡಿ,
ಇದು ನಡಿಯೂದಿಲ್ಲ ಕಾಕಾ, ಅರಳಿ ಗಟ್ಟಿ ಕುಂಡ್ರತೈತಿ,
ಗಾಳಿ ಗಾದಿ ತಗೊಂಬಾ, ಅಂದ್ಲು.
ಅಪ್ಪ ಇದ್ದಿದ್ರ ಜಗಳಾ ತಗೀತಿದ್ದ.
ನಾ ಮೂರು ಸಾವಿರ ಕೊಟ್ಟು ಗಾಳಿ ತಂದೆ.

ಎರಡು ತಾಸಿಗೊಮ್ಮೆ ಹೊಳ್ಳಸೂದು. ಎಡಕ್ಕ. ಬಲಕ್ಕ.
ಈಗ ಕೆಂಪು ಕಾಳು ಮೂಡ್ಯಾವ, ದಾಳಿಂಬ್ರಿ ಹಂಗ.
ಬೆಳ್ಳಗಿದ್ದದ್ದು ಮುಚ್ಚೇತಿ.
ಜಲ್ಮದಾಗ ಮೊದಲ ಸಲ, ಎಲಬು ಕಾಣದ್ದಕ್ಕ ದುವಾ ಮಾಡಿದೆ.

ಯಾವುದೋ ಹಳೇ ಭಾಷಾದಾಗ ಇದಕ್ಕ
ಪವಿತ್ರ ಎಲಬು ಅಂತಾರಂತ.
ನಮ್ಮ ಮಸೂತಿ ಹಜರತರು ಹೇಳೂದು ಬ್ಯಾರೆ:
ಮನಶ್ಯಾ ಎಲ್ಲಾ ಮಣ್ಣಾದ್ರೂ ಬಾಲದ ತುದಿಯೊಂದು ಉಳೀತೈತಿ,
ಕಡೀ ದಿನ ಅದರಿಂದನ ಮತ್ತ ಎಬ್ಬಸ್ತಾನ.
ಆ ತುದಿ ಇದರ ಕೆಳಗ ಇರಬೇಕಿತ್ತು.
ಈ ಪೆಟ್ಟಿಗ್ಯಾಗ ಇಲ್ಲ. ಯಾವ ಬ್ಯಾಚಿನವರೋ ಕಳದಾರ.
ವರ್ಷಾ ಸ್ಟಾಕ್ ಬರೀವಾಗ ನಾ ಬರೀತೀನಿ: ಕಾಣೆ.

ತಡೀರಿ, ಅಲಾರಾಂ ಹೊಡೀತು.
ಹಲೋ, ಜೈತುನ? ಎರಡು ಗಂಟಿ ಆತು. ಎಡಕ್ಕ ಹೊಳ್ಳಸು.
ಮೊಣಕಾಲ ನಡುವ ದಿಂಬು. ಹಾಂ. ಊಟಾ ಮಾಡಿದ್ನಾ? ಹಾಂ.

ಎಲ್ಲಿದ್ವಿ?
ಪ್ರೊಫೆಸರ್ ಬಂದ್ರು ಕಾಣಸ್ತೈತಿ, ಏಳ್ರಿ.
ಯಾರ ಕೈಯಾಗೈತಿ ಎಲಬು?
ಹಂಗ ಮೇಜಿನ ಮ್ಯಾಲೆ ಅಂಗಾತ ಇಡಬ್ಯಾಡವಾ.
ಮಗ್ಗಲಾಗಿ ಇಡು.