ರೀಲು

ಶಿಡ್ಲಘಟ್ಟದ ಮಕ್ಕಳಿಗೆ ರೀಲು ಅಂದರೇನು ಅಂತ
ಹೇಳಿಕೊಡಲು ಹೋಗಿದ್ದು ನನ್ನದೇ ತಪ್ಪು.
"ನಮ್ಮಪ್ಪ ರೀಲರ್ ಮಿಸ್," ಅಂದಳು ಮುಬೀನಾ.
"ನಮ್ಮಪ್ಪಾನೂ," ಹಿಂದಿನ ಬೆಂಚಿನಿಂದ ಮೂರು ದನಿ.
"ಇವನು ಬರೀ ರೀಲು ಬಿಡ್ತಾನೆ ಮಿಸ್," ಇನ್ನೊಂದು.

ಕಟ್ ಅಂದೆ.
ಕರೆಂಟು ಹೋಯಿತಾ ಅಂತ ಎಲ್ಲರೂ ಫ್ಯಾನು ನೋಡಿದರು.
ರೋಲ್ ಅಂದೆ.
ಲೋಹಿತ ಎದ್ದು ನಿಂತು, "ಪ್ರೆಸೆಂಟ್ ಮಿಸ್."
ಆ ವರ್ಷ ಅವನ ಬಾಯಿಂದ ಬಂದಿದ್ದ ಇಂಗ್ಲಿಷು
ದಿನಕ್ಕೆ ಅದೊಂದೇ ಮಾತು.
ಸರಿ, ಕ್ಯಾಮೆರಾ ನೀನೇ ಹಿಡಿ ಅಂದೆ.

ಕ್ಯಾಮೆರಾ ಅಂದರೆ ಮೂಲೆ ಒಡೆದ ನನ್ನ ಫೋನು.
ಸ್ಟ್ಯಾಂಡು ಅಂದರೆ ಬಿಸಿಯೂಟದ ಅಕ್ಕಿ ಮೂಟೆ.
ಮೊದಲ ಸಿನಿಮಾ, ಪಾಠದಲ್ಲಿದ್ದದ್ದೇ:
ವೇರ್ ಈಸ್ ದಿ ಪೋಸ್ಟ್ ಆಫೀಸ್?
ಕೇಳುವವನಿಗೆ ನಗು, ಹೇಳುವವಳಿಗೆ ಮರೆವು,
ನಡುವೆ ಒಂದು ನಾಯಿ, ಚೆನ್ನಾಗಿ ನಟಿಸಿತು.
"ಒರೇಯ್, ನೀ ಡೈಲಾಗುರಾ!" ತೆಲುಗಲ್ಲಿ ಒಬ್ಬ,
"ಬೋಲ್ ನಾ, ಬೋಲ್," ಉರ್ದುವಲ್ಲಿ ಇನ್ನೊಬ್ಬಳು,
"ಸುಮ್ನಿರ್ರೋ," ಅಂತ ಕನ್ನಡದಲ್ಲಿ ನಾನು.
ಹದಿನೇಳನೇ ಟೇಕಿಗೆ ಪೋಸ್ಟ್ ಆಫೀಸು
ಲೆಫ್ಟಿಗೆ ಸಿಕ್ಕಿತು.

ಎರಡನೆಯದು ಮುಬೀನಾಳ ಅಪ್ಪನ ಕೆಲಸ.
ಮೂರು ವಾಕ್ಯ ನಾನೇ ಬರೆದುಕೊಟ್ಟಿದ್ದೆ.
ಮೈ ಫಾದರ್ ವರ್ಕ್ಸ್ ವಿತ್ ಸಿಲ್ಕ್.
ಸಿಲ್ಕ್ ಈಸ್ ಸಾಫ್ಟ್.
ಐ ಆಮ್ ಪ್ರೌಡ್ ಆಫ್ ಮೈ ಫಾದರ್.
ಮೂರಕ್ಕೂ ಪೂರ್ಣವಿರಾಮ ಇತ್ತು,
ಕೆಂಪು ಇಂಕಿನಲ್ಲಿ.

ಗೂಡಿನ ಮಾರುಕಟ್ಟೆ ದಾಟಿ ಎರಡು ಗಲ್ಲಿ,
ತಗಡಿನ ಸೂರು, ಎರಡೇ ಬೇಸಿನ್ನು.
ಬೆಂದ ಹುಳುವಿನ ವಾಸನೆಗೆ ನಾನು ಸೆರಗು ಮೂಗಿಗೆ ತಂದೆ,
ತಂದಿದ್ದನ್ನು ಮಕ್ಕಳು ನೋಡಿದರು, ಇಳಿಸಿದೆ.
ಹಬೆಯೊಳಗೆ ಕೈ ಇಟ್ಟು ಮುನವ್ವರ್
ತೇಲುವ ಗೂಡುಗಳಲ್ಲಿ ಎಳೆಯ ತುದಿ ಹುಡುಕುತ್ತಿದ್ದರು.
ಒಮ್ಮೆ ಸಿಕ್ಕರೆ ಆಯಿತು, ಅದು ಬರುತ್ತಲೇ ಇರುತ್ತದೆ.
ಸಿಗುವವರೆಗೆ ಕೈ ತೆಗೆಯುವಂತಿಲ್ಲ.

ಮೋಟಾರಿನ ಸದ್ದಿನಲ್ಲಿ ಮುಬೀನಾಳ ತುಟಿ ಮಾತ್ರ ಆಡುತ್ತಿತ್ತು.
ಒಂದು ಟೇಕು, ನಾಲ್ಕು, ಒಂಬತ್ತು.
ಲೋಹಿತ ತಲೆ ಆಡಿಸಿದ: ಕೇಳಲ್ಲ.
ನಿಲ್ಲಿಸಿ ಅಂತ ಕೇಳುವುದು ಹೇಗೆ?
ನಿಂತರೆ ಎಳೆ ಕಡಿಯುತ್ತದೆ, ಗೂಡು ಹೆಚ್ಚು ಬೇಯುತ್ತದೆ,
ಅವತ್ತಿನ ನೂಲಿಗೆ ಅವತ್ತಿನ ರೇಟು.
ಮುನವ್ವರ್ ಮಗಳನ್ನೊಮ್ಮೆ ನೋಡಿದರು,
ಮೊಣಕೈಯಿಂದಲೇ ಸ್ವಿಚ್ಚು ಕೆಳಗೆ ಮಾಡಿದರು.
"ರೆಡಿ?" ಅಂದರು.

ಅಷ್ಟು ನಿಶ್ಶಬ್ದ ಆ ಕೋಣೆ ಯಾವಾಗ ಕೇಳಿತ್ತೋ.
ನೀರು ಗುಳುಗುಳು ಅನ್ನುವುದು ಕೇಳಿಸಿತು.
ಮುಬೀನಾ ನನ್ನ ಚೀಟಿ ನೋಡಲಿಲ್ಲ.
ಅಪ್ಪನ ಬೆರಳು ನೋಡಿದಳು,
ಉಬ್ಬಿ, ಬಿಳಚಿ, ಗೆರೆ ಅಳಿಸಿಹೋದ ಬೆರಳು.
"ವಾಟರ್ ಈಸ್ ಹಾಟ್," ಅಂದಳು.
ಸ್ವಲ್ಪ ತಡೆದು,
"ಹೀ ಈಸ್ ನಾಟ್ ಸೇ ಹಾಟ್."

ಹದಿನಾಲ್ಕು ವರ್ಷ ವ್ಯಾಕರಣ ತಿದ್ದಿದವಳು ನಾನು.
ಕಟ್ ಅನ್ನಲು ಬಾಯಿ ತೆರೆದೆ,
ತೆರೆದದ್ದು ಹಾಗೇ ಉಳಿಯಿತು.

ಮುನವ್ವರ್ ಕೈ ಲುಂಗಿಗೆ ಒರೆಸಿಕೊಳ್ಳುತ್ತ ಕೇಳಿದ್ದು
ನನ್ನನ್ನಲ್ಲ, ಕ್ಯಾಮೆರಾದವನನ್ನು: "ಏನಂದ್ಲು ಸಾರ್?"
ಹದಿಮೂರು ತುಂಬದ ಲೋಹಿತನಿಗೆ
ಅದೇ ಮೊದಲ ಸಾರ್.
"ನೀರು ಬಿಸಿ ಇದೆ ಅಂದ್ಲು."
"ಆಮೇಲೆ?"
ಲೋಹಿತ ಫೋನಿನಿಂದ ಕಣ್ಣು ತೆಗೆಯದೆ,
"ಅಷ್ಟೇ."
"ಬಿಸಿ ಇರದೆ ಇನ್ನೇನು," ನಕ್ಕರು ಮುನವ್ವರ್,
ಸ್ವಿಚ್ಚು ಮೇಲೆ ಹೋಯಿತು.

ಸಿನಿಮಾ ಒಟ್ಟು ಒಂದು ನಿಮಿಷ ಹನ್ನೊಂದು ಸೆಕೆಂಡು.
ಕೊನೆಯ ಅರ್ಧ ಬರೀ ಮೋಟಾರು.

ಸೋಮವಾರ ಡಸ್ ನಾಟ್ ಪಾಠ ಮಾಡಲೇಬೇಕಿತ್ತು.
ಉದಾಹರಣೆ ಎಲ್ಲಿಂದಲೋ ತಂದೆ:
ಹೀ ಡಸ್ ನಾಟ್ ಪ್ಲೇ ಕ್ರಿಕೆಟ್.
ಶೀ ಡಸ್ ನಾಟ್ ಡ್ರಿಂಕ್ ಕಾಫಿ.
ತರಗತಿಯೆಲ್ಲ ಒಟ್ಟಿಗೆ ಕೂಗಿತು.
ಮುಬೀನಾ ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದಳು,
ಈಸ್ ಅನ್ನು ಒಮ್ಮೆ ಹೊಡೆದುಹಾಕಿ ಮೇಲೆ ಇನ್ನೇನೋ ಬರೆದಳು,
ಕೈಯಿಂದ ಮುಚ್ಚಿಟ್ಟು ತಲೆ ಎತ್ತಿದಳು.
"ಗೊತ್ತಾಯ್ತು ಮಿಸ್," ಅಂದಳು,
ಕನ್ನಡದಲ್ಲಿ.