ಹುಳಿ ಬಿಟ್ಟ ವರ್ಷ

ಹೋದ ವರ್ಷ ಧಾರಾವಾಹಿ ಬಿಟ್ಟಿದ್ದೆ.
ಪಕ್ಕದ ಮನೆ ಗೋಡೆ ತೆಳು,
ಅತ್ತೆ ಸೊಸೆಗೆ ವಿಷವಿಟ್ಟದ್ದು ಕಿವಿಗೆ ಬಿದ್ದೇ ಬಿತ್ತು.
ಅದರ ಹಿಂದಿನ ವರ್ಷ ಮಾಂಸ.
ತಿಂಗಳಿಗೊಮ್ಮೆ ಕಾಣುವುದನ್ನು
ನಲವತ್ತು ದಿನ ಬಿಟ್ಟರೆ ದೇವರಿಗೆಷ್ಟು ಸಂದೀತು?

ಈ ತಪಸ್ಸುಕಾಲಕ್ಕೆ ಹುಳಿ ಅಂದುಕೊಂಡೆ.
ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ
ತುಮಕೂರಿನ ಮಂಡಿ ಹಿಂದಿನ ಶೆಡ್ಡಿನಲ್ಲಿ ಕೂತೆ,
ಮುಂದೆ ಗುಡ್ಡೆ ಹುಣಸೆ, ಕೈಯಲ್ಲಿ ಕೊಡತಿ.
"ಏನೇ ಲೂರ್ದಮ್ಮ, ವಿಭೂತಿ! ಯಾವಾಗ ನಮ್ಮೋಳಾದೆ?"
ಸಿದ್ದಗಂಗಮ್ಮ ನಕ್ಕಳು. ನಾನೂ ನಕ್ಕೆ.
ಬಿಟ್ಟದ್ದು ಏನೆಂದು ಹೇಳಲಿಲ್ಲ.

ಹೊಡೆದರೆ ಓಡು, ಎಳೆದರೆ ನಾರು,
ಸೀಳಿದರೆ ಬೀಜ, ಉಳಿದದ್ದೆಲ್ಲ ಹುಳಿ.
ದಿನಕ್ಕೆ ಇಪ್ಪತ್ತು ಕಿಲೋ ಆಸೆ
ಈ ಬೆರಳ ಸಂದಿಯಲ್ಲೇ ಹಾದುಹೋಗುತ್ತದೆ.
ಬಾಯಿ ಮಾತ್ರ ಮಾತು ಕೇಳದು,
ಕರೆಯದಿದ್ದರೂ ನೀರು ತಂದು ನಿಲ್ಲುತ್ತದೆ.

ಮನೆಯಲ್ಲಿ ಎರಡು ಪಾತ್ರೆ.
ಚೌರಪ್ಪನಿಗೆ ಹುರುಳಿಕಾಳಿನ ಹುಳಿಸಾರು
(ಬಿಟ್ಟವಳು ನಾನು, ಅವನ ನಾಲಗೆ ಏನು ಮಾಡಿತ್ತು?)
ನನಗೆ ಉಪ್ಸಾರು, ಮುದ್ದೆ.
ಟೊಮೆಟೊ ಸೇರುತ್ತಾ ಲೆಕ್ಕಕ್ಕೆ? ಮಜ್ಜಿಗೆ?
ಫಾದರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು
"ನಿಂಗೇ ಗೊತ್ತಲ್ಲಮ್ಮ" ಅಂದರು.
ಗೊತ್ತಿತ್ತು. ಎರಡನ್ನೂ ಬಿಟ್ಟೆ.
ಮಾರ್ಚ್ ಬಿಸಿಲಲ್ಲಿ, ಮಜ್ಜಿಗೆ ನೆನಪಾದಾಗಲೆಲ್ಲ
ಫಾದರ್ ಮೇಲೆ ಸಿಟ್ಟು ಬರುತ್ತಿತ್ತು.

ಇಪ್ಪತ್ತಾರನೇ ದಿನ,
ಯಾರೋ ಏನೋ ಹೇಳಿ ಶೆಡ್ಡೆಲ್ಲ ನಗುವಾಗ
ಹೆಬ್ಬೆರಳು ತಾನಾಗಿ ಬಾಯಿಗೆ ಹೋಯಿತು.
ಉಗುಳಬೇಕಿತ್ತು.
ಕಣ್ಣು ಮುಚ್ಚಿದೆ. ನುಂಗಿದೆ.
ಹಲ್ಲು ಚಳಿತವು, ಮೈ ಜುಮ್ಮೆಂದಿತು.
ಯಾರೂ ನೋಡಲಿಲ್ಲ.
ನೋಡಿದ್ದರೂ ಅವರಿಗೆ ಅದು ಹುಣಸೆ, ಅಷ್ಟೇ.
ಮರುದಿನದ ಲೆಕ್ಕ ಒಂದರಿಂದಲೋ
ಇಪ್ಪತ್ತೇಳರಿಂದಲೋ?
ಈ ಸಲ ಕೇಳಲು ಹೋಗಲಿಲ್ಲ.

ಶುಭ ಶುಕ್ರವಾರ. ಮಧ್ಯಾಹ್ನ ಮೂರು.
ಕರೆಂಟಿಲ್ಲದೆ ಫ್ಯಾನು ನಿಂತಿದೆ, ಶಿಲುಬೆಗೆ ನೇರಳೆ ಬಟ್ಟೆ.
ಅಂತಪ್ಪನ ಮಗಳು ಯಾತನೆಯ ಕತೆ ಓದುತ್ತಿದ್ದಳು,
ಅಲ್ಲಲ್ಲಿ ತಡವರಿಸುತ್ತ.
ದಾಹ ಎಂದನಂತೆ ಸ್ವಾಮಿ.
ಸ್ಪಂಜು ಅದ್ದಿ, ಕೋಲಿಗೆ ಸಿಕ್ಕಿಸಿ
ತುಟಿಗೆ ಹಿಡಿದರಂತೆ
ಹುಳಿರಸ.

ಸುತ್ತ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು.
ನನಗೆ ಬಾಯಲ್ಲಿ ನೀರೂರಿತು.

ವರ್ಷ ವರ್ಷ ಕೇಳಿದ ಮಾತೇ,
ನಾಲಗೆಗೆ ಕೇಳಿಸಿದ್ದು ಈಗ.
ನಾಚಿಕೆಯೋ ಮತ್ತೇನೋ, ತಲೆ ಎತ್ತಲಾಗಲಿಲ್ಲ.
ಬೆರಳ ಸೀಳಿನಲ್ಲಿ ನಿನ್ನೆಯ ಉರಿ ಇನ್ನೂ ಇತ್ತು.
ಮೊಣಕಾಲೂರಿ
ಆ ನೀರನ್ನು ಬಾಯಲ್ಲೇ ಹಿಡಿದುಕೊಂಡಿದ್ದೆ,
ನುಂಗದೆ,
ಕುಡಿದವನ ತಲೆ ಬಾಗುವವರೆಗೆ.